ಎಡಗೈಯ ಕ್ಯಾಮೆರಾ: ಟ್ಯಾಂಡಮ್ ಜಿಗಿತದ ಕೆಲಸದಲ್ಲಿ ಹಲವು ಹಂಗಾಮುಗಳ ಬಳಕೆಯ ನಂತರ

ಟ್ಯಾಂಡಮ್ ಸ್ಕೈಡೈವಿಂಗ್, ಅಂದರೆ ಪ್ರಯಾಣಿಕರೊಬ್ಬರನ್ನು ಎದೆಗೆ ಬಿಗಿದುಕೊಂಡು ವಿಮಾನದಿಂದ ಒಂದೇ ಪ್ಯಾರಾಚೂಟ್‌ನಲ್ಲಿ ಜಿಗಿಯುವ ಕೆಲಸದ ಬೋಧಕನಾಗಿ ದುಡಿಯುವ ನಾನು ಎಡಗೈಗೆ ತೊಡುವ ಕ್ಯಾಮೆರಾ ಕೈಗವಸನ್ನೂ ಅದರ ಮೇಲೆ ಕೂರುವ ಸಣ್ಣ ಆಕ್ಷನ್ ಕ್ಯಾಮೆರಾವನ್ನೂ ಹಲವು ಹಂಗಾಮುಗಳಿಂದ ಬಳಸುತ್ತಿದ್ದೇನೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕರಾವಳಿಯಲ್ಲಿ ಕೆಲಸ ಬಿರುಸಾಗಿರುತ್ತದೆ. ಅಲ್ಲಿ ಚಳಿಗಾಲ ಬಂದು ಗಿರಾಕಿಗಳು ಕಡಿಮೆಯಾದಾಗ ದಾವಣಗೆರೆಗೆ ಮರಳಿ ಸಾಮಾನುಗಳನ್ನೆಲ್ಲ ಬಿಚ್ಚಿ, ಒರೆಸಿ, ರಿಪೇರಿ ಮಾಡಿಸುತ್ತೇನೆ. ಕ್ಯಾಮೆರಾ ತಯಾರಿಸಿದ ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ವರ್ಗದ ಎಲ್ಲ ಕ್ಯಾಮೆರಾಗಳಿಗೂ ಅನ್ವಯಿಸುತ್ತವೆ. ಬೈಕ್ ಸವಾರರೂ ಈಜುಗಾರರೂ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಅವರು ಚಿತ್ರದ ಸ್ಪಷ್ಟತೆಯಿಂದ ಕ್ಯಾಮೆರಾವನ್ನು ಅಳೆಯುತ್ತಾರೆ. ನನ್ನ ಕೆಲಸದಲ್ಲಿ ಅದು ಎರಡನೆಯ ಪ್ರಶ್ನೆ. ಎದೆಗೆ ಬಿಗಿದುಕೊಂಡ ಇನ್ನೊಂದು ಜೀವದ ಹೊಣೆ ಹೊತ್ತವನಿಂದ ಈ ಯಂತ್ರ ಎಷ್ಟು ಕಡಿಮೆ ಗಮನವನ್ನು ಬೇಡುತ್ತದೆ ಎಂಬುದೇ ಮೊದಲನೆಯದು.

ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಎತ್ತರವನ್ನು. ನಾವು ಜಿಗಿಯುವುದು ಹೆಚ್ಚೆಂದರೆ 15,000 ಅಡಿಯಿಂದ, ಅಂದರೆ ಸುಮಾರು ನಾಲ್ಕೂವರೆ ಕಿಲೋಮೀಟರ್. 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ ಕಳಚಿ ರನ್‌ವೇ ಮೇಲೆ ಇಳಿಸಿದ್ದು ಹೆಚ್ಚುಕಡಿಮೆ ಇದೇ ಎತ್ತರದಿಂದ. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ಅಂದಾಜು ಕೂಡಲೇ ಸಿಗುತ್ತದೆ. ಅಷ್ಟು ಎತ್ತರದಿಂದ ಪ್ಯಾರಾಚೂಟ್ ಬಿಚ್ಚುವವರೆಗೆ ಸಿಗುವ ಮುಕ್ತ ಪತನದ ಅವಧಿ ಸುಮಾರು ಒಂದು ನಿಮಿಷ ಮಾತ್ರ. ಪ್ರಯಾಣಿಕರು ಹಣ ಕೊಟ್ಟು ಒಯ್ಯುವ ವಿಡಿಯೊದ ಜೀವಾಳವೆಲ್ಲ ಆ ಒಂದು ನಿಮಿಷದಲ್ಲಿದೆ, ನನ್ನ ಕೆಲಸದ ಅತ್ಯಂತ ಸೂಕ್ಷ್ಮ ಘಟ್ಟಗಳೂ ಅದೇ ನಿಮಿಷದಲ್ಲಿವೆ.

ಕ್ಯಾಮೆರಾ ಎಡಗೈಗೇ ಏಕೆ ಎಂಬುದಕ್ಕೆ ಉತ್ತರ ಪ್ಯಾರಾಚೂಟ್‌ನ ರಚನೆಯಲ್ಲಿದೆ. ಒಬ್ಬರಿಗಾಗಿ ಹೊಲಿದ ಪ್ಯಾರಾಚೂಟ್‌ನ ಬದಲು ಇಬ್ಬರನ್ನು ಒಟ್ಟಿಗೆ ಹೊರುವ ವ್ಯವಸ್ಥೆಯನ್ನು ಅಮೆರಿಕದ ಬಿಲ್ ಬೂತ್ ಮತ್ತು ಟೆಡ್ ಸ್ಟ್ರಾಂಗ್ 1980ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದರು. ಇಬ್ಬರ ತೂಕ ಒಂದಾಗಿ ಬೀಳುವಾಗ ವೇಗ ಗಂಟೆಗೆ 300 ಕಿಲೋಮೀಟರ್‌ನ ಹತ್ತಿರಕ್ಕೆ ಹೋಗಬಲ್ಲದು. ಆ ವೇಗದಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚಿದರೆ ಬಟ್ಟೆಗೂ ಮೈಗೂ ಬೀಳುವ ಎಳೆತ ವಿಪರೀತ. ಆದ್ದರಿಂದ ವಿಮಾನದಿಂದ ಹೊರಬಿದ್ದು ದೇಹ ಸ್ಥಿರವಾದ ಕೂಡಲೇ ಡ್ರೋಗ್ ಎಂಬ ಸಣ್ಣ ಪ್ಯಾರಾಚೂಟನ್ನು ಬೆನ್ನ ಹಿಂದೆ ಎಸೆಯಬೇಕು. ಅದು ನಮ್ಮನ್ನು ಮೇಲಿನಿಂದ ಹಿಡಿದು ವೇಗವನ್ನು ಸುಮಾರು 200 ಕಿಲೋಮೀಟರ್‌ಗೆ ನಿಲ್ಲಿಸುತ್ತದೆ. ಈ ಡ್ರೋಗ್‌ನ ಹಿಡಿ ಇರುವುದು ಬೆನ್ನಿಗೆ ಹೊತ್ತ ಪ್ಯಾರಾಚೂಟ್ ಚೀಲದ ಬಲಗಡೆ ತಳದಲ್ಲಿ. ಬಲಗೈ ಹಾಗಾಗಿ ಸದಾ ಬರಿದಾಗಿರಬೇಕು.

ಕ್ಯಾಮೆರಾಕ್ಕೆ ಕೆಲಸದ ನಡುವೆ ಎಂಥ ಜಾಗ ಸಿಗುತ್ತದೆ ಎಂದು ತಿಳಿಯಲು ಕ್ರಮವನ್ನು ನೋಡಬೇಕು. ಬಾಗಿಲಿಗೆ ಬರುವ ಮುನ್ನ ಪ್ರಯಾಣಿಕರನ್ನು ನನಗೆ ಬಿಗಿಯುವ ಪಟ್ಟಿಗಳ ಸರಂಜಾಮಿನ ನಾಲ್ಕು ಕೊಂಡಿಗಳನ್ನು, ಅಂದರೆ ಭುಜದ ಎರಡು ಮತ್ತು ಸೊಂಟದ ಎರಡನ್ನು, ಕಣ್ಣಿನಿಂದಲೂ ಕೈಯಿಂದಲೂ ನೋಡಬೇಕು. ಹೊರಬಿದ್ದ ಮೇಲೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಸ್ಥಿರವಾಗಬೇಕು, ಡ್ರೋಗ್ ಎಸೆಯಬೇಕು, ಅದು ತುಂಬಿಕೊಂಡಿತೇ ಎಂದು ಮೈಗೆ ತಟ್ಟುವ ಎಳೆತದಿಂದ ಅರಿಯಬೇಕು, ಆಮೇಲೆ ಎಲ್ಲ ಹಿಡಿಗಳನ್ನೂ ಒಂದೊಂದಾಗಿ ಮುಟ್ಟಿ ಅವು ತಮ್ಮ ಜಾಗದಲ್ಲೇ ಇವೆ ಎಂದು ಖಚಿತಪಡಿಸಿಕೊಳ್ಳಬೇಕು, ಎತ್ತರಮಾಪಕವನ್ನು ನೋಡಬೇಕು. ಇಷ್ಟಾದ ಮೇಲಷ್ಟೇ ಎಡಗೈ ಮುಂದಕ್ಕೆ ಚಾಚುತ್ತದೆ. 5,500 ಅಡಿಯ ಸುಮಾರಿಗೆ ದೊಡ್ಡ ಪ್ಯಾರಾಚೂಟ್ ಬಿಚ್ಚಲು ಡ್ರೋಗ್ ಬಿಡುಗಡೆಯ ಹಿಡಿಯನ್ನು ಎಳೆದ ಕ್ಷಣದಿಂದ ಕಣ್ಣು ಮತ್ತೆ ಮೇಲಕ್ಕೆ: ಬಟ್ಟೆ ಚೌಕವಾಗಿ ಬಿಚ್ಚಿದೆಯೇ, ಹಗ್ಗಗಳು ಸಿಕ್ಕು ಬಿದ್ದಿಲ್ಲವೇ, ತಿರುಗಿಸಿದರೆ ತಿರುಗುತ್ತದೆಯೇ. ಈ ಕ್ರಮದ ಯಾವ ಹೆಜ್ಜೆಯೂ ಕ್ಯಾಮೆರಾಕ್ಕೆಂದು ಇಟ್ಟದ್ದಲ್ಲ. ಹೆಜ್ಜೆಗಳ ನಡುವೆ ಉಳಿಯುವ ಬಿಡುವು ಮಾತ್ರ ಅದರದ್ದು.

ಈ ಅಳತೆಗೋಲಿನಿಂದ ನೋಡಿದರೆ ನನ್ನ ಕ್ಯಾಮೆರಾದ ಅತ್ಯುತ್ತಮ ಗುಣವೆಂದರೆ ಆಫ್ ಆಗಿದ್ದರೂ ಒಂದೇ ಗುಂಡಿ ಒತ್ತಿದರೆ ರೆಕಾರ್ಡಿಂಗ್ ಶುರುವಾಗುವುದು. ಮೆನು ಇಲ್ಲ, ಪರದೆ ನೋಡುವ ಅಗತ್ಯವಿಲ್ಲ. ಆದರೆ ಶುರುವಾಯಿತೆಂದು ತಿಳಿಸುವ ಬೀಪ್ ಶಬ್ದ ವಿಮಾನದ ಎಂಜಿನ್ ಸದ್ದಿನಲ್ಲಿ ಕೇಳುವುದೇ ಇಲ್ಲ. ಮುಂಭಾಗದ ಕೆಂಪು ದೀಪವೊಂದೇ ಸಾಕ್ಷಿ. ಕೆಲವು ಕೈಗವಸುಗಳ ಚೌಕಟ್ಟು ಈ ದೀಪವನ್ನೇ ಮುಚ್ಚಿಬಿಡುತ್ತದೆ, ಆದ್ದರಿಂದ ಕೊಳ್ಳುವ ಮೊದಲು ಕ್ಯಾಮೆರಾವನ್ನು ಚೌಕಟ್ಟಿಗೆ ತೊಡಿಸಿ, ಕೈ ಚಾಚಿ, ದೀಪ ಕಾಣುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ವಿಷಯದಲ್ಲಿ ಚಳಿ ಮತ್ತು ಶಾಖ ಎರಡೂ ತೊಂದರೆ ಕೊಡುತ್ತವೆ. ಮೇಲಕ್ಕೆ ಹೋದಂತೆ ಪ್ರತಿ ಸಾವಿರ ಅಡಿಗೆ ಸರಿಸುಮಾರು ಎರಡು ಡಿಗ್ರಿಯಂತೆ ತಾಪಮಾನ ಇಳಿಯುವುದರಿಂದ, ನೆಲದಲ್ಲಿ 28 ಡಿಗ್ರಿ ಇದ್ದ ದಿನ ಬಾಗಿಲ ಬಳಿ ಶೂನ್ಯದ ಆಸುಪಾಸು. ಹಳತಾದ ಬ್ಯಾಟರಿ ನೆಲದ ಮೇಲೆ ಅರ್ಧ ಚಾರ್ಜ್ ತೋರಿಸುತ್ತಿದ್ದರೂ ಅಲ್ಲಿ ಏಕಾಏಕಿ ಕೈಕೊಡುತ್ತದೆ. ವಿಮಾನ ಹತ್ತುವ ಮುನ್ನ ಬಿಸಿಲಿನಲ್ಲಿ ನಿಂತು ಪ್ರಯಾಣಿಕರ ಮಾತನ್ನು ಉದ್ದಕ್ಕೆ ಚಿತ್ರೀಕರಿಸಿದರೆ ಇದಕ್ಕೆ ತದ್ವಿರುದ್ಧವಾಗಿ ಕ್ಯಾಮೆರಾ ಕಾದು ತಾನಾಗಿಯೇ ನಿಲ್ಲುತ್ತದೆ. ಮಾತು ಮುಗಿದ ಕೂಡಲೇ ಆಫ್ ಮಾಡಿ, ಬಾಗಿಲು ತೆರೆಯುವ ಹೊತ್ತಿಗೆ ಮತ್ತೆ ಶುರು ಮಾಡುವುದು ನನಗೆ ರೂಢಿಯಾಗಿದೆ; ಒಂದು ಹಂಗಾಮು ಮುಗಿದ ಬ್ಯಾಟರಿಗಳನ್ನು ಮುಂದಿನ ಹಂಗಾಮಿಗೆ ಕೆಲಸಕ್ಕೆ ಒಯ್ಯುವುದಿಲ್ಲ.

ಚಿತ್ರದ ಗುಣಮಟ್ಟ ಒಟ್ಟಾರೆ ತೃಪ್ತಿಕರ. ಕೈಯ ಅಲುಗಾಟವನ್ನು ಸರಿಪಡಿಸುವ ವ್ಯವಸ್ಥೆ ಈಗ ಎಷ್ಟು ಪಕ್ವವಾಗಿದೆಯೆಂದರೆ 200 ಕಿಲೋಮೀಟರ್ ಗಾಳಿಯಲ್ಲಿ ತೆಗೆದ ದೃಶ್ಯವೂ ನಿಂತು ತೆಗೆದಂತೆ ಕಾಣುತ್ತದೆ. ನನಗೆ ನಿಜವಾಗಿ ಬೇಸರ ತರುವುದು ಬೆಳಕಿನ ಅಳತೆ. ಆಕಾಶವೂ ಮೋಡವೂ ಚೌಕಟ್ಟಿನ ಬಹುಭಾಗವನ್ನು ತುಂಬಿದಾಗ ಕ್ಯಾಮೆರಾ ಆ ಬೆಳಕನ್ನೇ ಆಧಾರವಾಗಿ ತೆಗೆದುಕೊಂಡು ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಬಿಳಿಯ ಮುಖ ಅದರಲ್ಲಿ ಹೇಗೋ ಉಳಿದುಕೊಳ್ಳುತ್ತದೆ, ನಮ್ಮವರ ಕಂದು ಮುಖ ಮಾತ್ರ ಕಪ್ಪು ನೆರಳಾಗುತ್ತದೆ. ನಮ್ಮ ದೇಶದಿಂದ ಪ್ರವಾಸಕ್ಕೆ ಬಂದ ಕುಟುಂಬವೊಂದು ಉಳಿಸಿಟ್ಟ ದುಡ್ಡಿನಲ್ಲಿ ಮಗಳನ್ನು ಜಿಗಿಸಿ, ಕೊನೆಗೆ ಅವಳ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದ ವಿಡಿಯೊ ಪಡೆಯುವುದು ಸಲ್ಲದು ಎಂಬುದು ನನ್ನ ಖಚಿತ ನಿಲುವು. ಬೆಳಕಿನ ಪ್ರಮಾಣವನ್ನು ಕೈಯಾರೆ ಒಂದು ಮೆಟ್ಟಿಲು ಏರಿಸುವುದು ಒಂದು ದಾರಿ. ಡ್ರೋಗ್ ತುಂಬಿ ಹಿಡಿಗಳ ಪರೀಕ್ಷೆ ಮುಗಿದ ಮೇಲೆ ಮೈಯನ್ನು ನಿಧಾನವಾಗಿ ತಿರುಗಿಸಿ ಸೂರ್ಯನನ್ನು ಪ್ರಯಾಣಿಕರ ಮುಖದ ಮೇಲೆ ತಂದುಕೊಳ್ಳುವುದು ಅದಕ್ಕಿಂತ ಒಳ್ಳೆಯ ದಾರಿ. ಯಾವ ಸಾಫ್ಟ್‌ವೇರ್ ಕೂಡ ಈ ತಿರುವಿನಷ್ಟು ಕೆಲಸ ಮಾಡುವುದನ್ನು ನಾನು ಕಂಡಿಲ್ಲ.

ಮಸೂರದ ಮೇಲೆ ಕೂರುವ ಮಂಜು ಕರಾವಳಿಯ ದೊಡ್ಡ ಪೀಡೆ. ಮೇಲಿನ ಚಳಿಯಲ್ಲಿ ತಣ್ಣಗಾದ ಗಾಜು ಸಮುದ್ರದ ತೇವಭರಿತ ಗಾಳಿಗೆ ಇಳಿಯುತ್ತಿದ್ದಂತೆ ಅದರ ಮೇಲೆ ನೀರಾವಿ ಕಟ್ಟಿಕೊಳ್ಳುತ್ತದೆ; ನೆಲ ಮುಟ್ಟಿದ ಪ್ರಯಾಣಿಕರು ಕುಣಿದಾಡುವ ಅಮೂಲ್ಯ ಗಳಿಗೆ ಹಾಲಿನ ಪರದೆಯ ಹಿಂದೆ ಹೋಗುತ್ತದೆ. ಪ್ಯಾರಾಚೂಟ್‌ನ ಕೆಳಗೆ ಐದಾರು ನಿಮಿಷ ತೇಲುವ ಅವಧಿಯಲ್ಲಿ, ಸುತ್ತ ಬೇರೆ ಪ್ಯಾರಾಚೂಟ್‌ಗಳಿಲ್ಲವೆಂದು ನೋಡಿಕೊಂಡು, ಒಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಉಪ್ಪು ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ: ಚೌಕಟ್ಟಿನ ತಿರುಪುಗಳು ತುಕ್ಕು ಹಿಡಿಯುತ್ತವೆ, ಬ್ಯಾಟರಿ ಬಾಗಿಲಿನ ರಬ್ಬರ್ ಬಿರುಸಾಗುತ್ತದೆ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸದಿದ್ದರೆ ಹಂಗಾಮು ಮುಗಿಯುವಷ್ಟರಲ್ಲಿ ಬಾಗಿಲು ತೆರೆಯಲು ಉಗುರು ಸಾಲುವುದಿಲ್ಲ.

ಕೈಗವಸಿನ ಬಗ್ಗೆ ಎರಡು ಮಾತು. ಮಣಿಕಟ್ಟಿನ ಪಟ್ಟಿಯ ವೆಲ್ಕ್ರೋ ಮೊದಲು ಸೋಲುತ್ತದೆ, ನಂತರ ಹೆಬ್ಬೆರಳಿನ ಬುಡದ ಹೊಲಿಗೆ. ಕಳೆದ ಬಾರಿ ಊರಿಗೆ ಬಂದಾಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬ್ಯಾಗ್ ಹೊಲಿಯುವವರೊಬ್ಬರ ಮುಂದೆ ಇದನ್ನು ಇಟ್ಟಾಗ ಅವರು ಒಳಹೊರಗೆ ತಿರುವಿ ನೋಡಿ, "ಇದು ಯಾವ ಗಾಡಿ ಓಡ್ಸೋಕೆ ಸರ್?" ಎಂದು ಕೇಳಿದರು. ವಿವರಿಸಿದ ಮೇಲೆ ಹಳೆಯ ದಾರವನ್ನು ಬ್ಲೇಡಿನ ತುದಿಯಿಂದ ಒಂದೊಂದೇ ಬಿಡಿಸಿ, ಶಾಲಾ ಬ್ಯಾಗಿನ ಪಟ್ಟಿಗೆ ಹಾಕುವ ದಪ್ಪ ನೈಲಾನ್ ದಾರದಿಂದ ಎರಡು ಸಾಲು ಹೊಲಿದು, ಮೂಲೆಯಲ್ಲಿ ಅಡ್ಡಗುಣಿಸು ಹಾಕಿ, ದಾರದ ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಒತ್ತಿದರು. ಆ ಹೊಲಿಗೆ ಕಂಪನಿಯ ಹೊಲಿಗೆಗಿಂತ ಗಟ್ಟಿಯಾಗಿ ನಿಂತಿದೆ. ಕೈಗವಸು ಜೀವ ಕಾಯುವ ಸಾಮಾನಲ್ಲವಾದ್ದರಿಂದ ಇದು ಸರಿ; ಪ್ಯಾರಾಚೂಟ್ ಅಥವಾ ಸರಂಜಾಮಿನ ಒಂದು ಎಳೆಯನ್ನೂ ಪರವಾನಗಿ ಪಡೆದ ರಿಗ್ಗರ್, ಅಂದರೆ ಪ್ಯಾರಾಚೂಟ್ ಮಡಚಿ ರಿಪೇರಿ ಮಾಡುವ ತಜ್ಞರ ಹೊರತು ಬೇರೆಯವರು ಮುಟ್ಟಬಾರದು.

ಹೆಲ್ಮೆಟ್ ಕ್ಯಾಮೆರಾದಿಂದ ಕೈಕ್ಯಾಮೆರಾಕ್ಕೆ ಬಂದವನಾದ್ದರಿಂದ ಎರಡನ್ನೂ ಹೋಲಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಮೊದಲು ನಾನು ಹೊರಗಿನ ಛಾಯಾಗ್ರಾಹಕನಾಗಿದ್ದೆ: ತೋಳಿನ ಕೆಳಗೆ ರೆಕ್ಕೆಯಂಥ ಬಟ್ಟೆ ಹೊಲಿದ ಉಡುಪು ತೊಟ್ಟು, ಹೆಲ್ಮೆಟ್ ಮೇಲೆ ಸ್ಟಿಲ್ ಕ್ಯಾಮೆರಾ ಮತ್ತು ವಿಡಿಯೊ ಕ್ಯಾಮೆರಾ ಎರಡನ್ನೂ ಹೊತ್ತು, ಹಲ್ಲಿನಿಂದ ಕಚ್ಚುವ ಸ್ವಿಚ್‌ನಿಂದ ಫೋಟೊ ತೆಗೆಯುತ್ತಾ ಟ್ಯಾಂಡಮ್ ಜೋಡಿಯ ಎದುರಿನಲ್ಲಿ ಬೀಳುವ ಕೆಲಸ ಅದು. ಜೋಡಿಯ ಪೂರ್ಣ ದೇಹ, ಹಿಂದಿನ ಡ್ರೋಗ್, ದಿಗಂತದ ಬಾಗು, ವಿಮಾನ ದೂರವಾಗುವ ದೃಶ್ಯ, ಇವೆಲ್ಲ ಹೊರಗಿನ ಕ್ಯಾಮೆರಾಕ್ಕೆ ಮಾತ್ರ ಸಿಗುತ್ತವೆ. ಚಿತ್ರವಾಗಿ ಅದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡು ಕಿಲೋ ತೂಕ ತಲೆಯ ಮೇಲಿರುವಾಗ ಪ್ಯಾರಾಚೂಟ್ ಬಿಚ್ಚುವ ಎಳೆತ ಗುರುತ್ವದ ಐದು ಪಟ್ಟು ಬಂದರೆ ಕುತ್ತಿಗೆ ಹತ್ತು ಕಿಲೋ ಹೊರಬೇಕಾಗುತ್ತದೆ. ದಿನಕ್ಕೆ ಹಲವು ಬಾರಿ, ವರ್ಷಗಟ್ಟಲೆ ಹೀಗೆ ಹೊತ್ತವರ ಕುತ್ತಿಗೆಯ ಕಥೆಯನ್ನು ಫಿಸಿಯೋಥೆರಪಿಸ್ಟರೇ ಹೇಳಬೇಕು. ಹಗ್ಗ ಕ್ಯಾಮೆರಾಕ್ಕೆ ಸಿಕ್ಕಿಕೊಳ್ಳುವ ಅಪಾಯ ಬೇರೆ. ಅದಕ್ಕಾಗಿಯೇ ಒಂದೇ ಎಳೆತಕ್ಕೆ ಹೆಲ್ಮೆಟ್ ಕಳಚಿಹೋಗುವ ಕೊಂಡಿ ಇರಬೇಕೆಂದು ಅನುಭವಸ್ಥರೆಲ್ಲ ಒತ್ತಿ ಹೇಳುತ್ತಾರೆ.

ಕೈಕ್ಯಾಮೆರಾ ಬಂದು ವಿಮಾನದಲ್ಲಿ ಛಾಯಾಗ್ರಾಹಕರ ಜಾಗ ಉಳಿಯಿತು, ಆ ಜಾಗದಲ್ಲಿ ಇನ್ನೊಬ್ಬ ಪ್ರಯಾಣಿಕ ಕೂರುವಂತಾಯಿತು, ವ್ಯಾಪಾರಕ್ಕೆ ಲಾಭವಾಯಿತು. ಇಬ್ಬರ ಕೆಲಸ ಒಬ್ಬನ ಮೇಲೆ ಬಿತ್ತು, ಅನೇಕ ಒಳ್ಳೆಯ ಛಾಯಾಗ್ರಾಹಕರು ಈ ವೃತ್ತಿಯನ್ನೇ ಬಿಟ್ಟರು. ನನಗೆ ಇದರ ಬಗ್ಗೆ ನೋವಿದೆ. ಸಂಬಳವೂ ಜಿಗಿತದ ಲೆಕ್ಕದಲ್ಲೇ ಬರುವುದರಿಂದ, ಗಾಳಿ ಜೋರಾದ ದಿನ ಹ್ಯಾಂಗರ್‌ನಲ್ಲಿ ಕುಳಿತವನಿಗೆ ಏನೂ ಇಲ್ಲ. ಗಾಳಿ ನಿಂತ ದಿನ ಒಂದು ಜಿಗಿತಕ್ಕೂ ಮುಂದಿನದಕ್ಕೂ ನಡುವೆ ಕಾರ್ಡ್ ಬದಲಿಸಿ, ನೀರು ಕುಡಿದು, ಹೊಸ ಪ್ರಯಾಣಿಕರಿಗೆ ಸರಂಜಾಮು ತೊಡಿಸುವಷ್ಟೇ ಬಿಡುವು. ಮೊಣಕಾಲು, ಸೊಂಟ, ಗಂಟಲು ಮೂರೂ ಸಂಜೆಗೆ ದಣಿದಿರುತ್ತವೆ. ಅಂಥ ದಿನದ ಕೊನೆಯ ಜಿಗಿತದಲ್ಲೂ ಮೊದಲ ಪ್ರಯಾಣಿಕರಿಗೆ ತೋರಿದ ಉತ್ಸಾಹವನ್ನೇ ಲೆನ್ಸಿನ ಮುಂದೆ ತೋರಿಸಬೇಕು, ಏಕೆಂದರೆ ಅವರ ಪಾಲಿಗೆ ಅದು ಜೀವನದ ಒಂದೇ ಜಿಗಿತವಾಗಿರಬಹುದು.

"ಅಷ್ಟು ಮೇಲಿಂದ ಬೀಳುವಾಗ ಫೋಟೊ ಯಾಕಪ್ಪಾ ಬೇಕು?" ಎಂದು ಅಮ್ಮ ಕೇಳುತ್ತಾರೆ. ನಾನು ಕಂಡಂತೆ ಬಹುತೇಕ ಪ್ರಯಾಣಿಕರಿಗೆ ಆ ಒಂದು ನಿಮಿಷ ಸರಿಯಾಗಿ ನೆನಪಿನಲ್ಲಿ ಉಳಿಯುವುದೇ ಇಲ್ಲ, ಗಾಳಿಯ ಸದ್ದು, ಭಯ, ಸಂತೋಷ ಎಲ್ಲ ಒಟ್ಟಿಗೆ ನುಗ್ಗಿ ಬಂದು, ಕೆಳಗಿಳಿದ ಮೇಲೆ "ಏನಾಯಿತು?" ಎಂದು ನನ್ನನ್ನೇ ಕೇಳುತ್ತಾರೆ. ವಿಡಿಯೊ ನೋಡುವಾಗಲೇ ಅವರಿಗೆ ತಮ್ಮ ಜಿಗಿತ ಮೊದಲ ಬಾರಿಗೆ ಸಿಗುತ್ತದೆ. ಅದಕ್ಕಾಗಿಯೇ ಈ ಕೆಲಸವನ್ನು ನಾನು ಅಸಡ್ಡೆಯಿಂದ ಮಾಡಲಾರೆ.

ಕೊಳ್ಳಬಯಸುವವರು ಯಾರು ಎಂಬುದರ ಮೇಲೆ ನನ್ನ ಶಿಫಾರಸು ನಿಂತಿದೆ. ಅಮೆರಿಕದ ಪ್ಯಾರಾಚೂಟ್ ಸಂಘವು ಟ್ಯಾಂಡಮ್ ಬೋಧಕರಾಗಲು ಕನಿಷ್ಠ 500 ಜಿಗಿತ ಮತ್ತು ಮೂರು ವರ್ಷದ ಅನುಭವ ಕೇಳುತ್ತದೆ. ಸಾಮಾನ್ಯ ಜಿಗಿತಗಾರರು ಕ್ಯಾಮೆರಾ ತೊಡಲು 200 ಜಿಗಿತ ಆಗಿರಲಿ ಎಂದು ಸಲಹೆ ನೀಡುತ್ತದೆ. ಹಿಡಿಗಳ ಪರೀಕ್ಷೆ ಕೈಗೆ ತಾನಾಗಿ ಬರುವಷ್ಟು ಅಭ್ಯಾಸವಾದ ಬೋಧಕರಿಗೆ ಈ ಕೈಗವಸು ಮತ್ತು ಕ್ಯಾಮೆರಾವನ್ನು ಧೈರ್ಯವಾಗಿ ಹೇಳುತ್ತೇನೆ. ಹೊಸದಾಗಿ ಬೋಧಕರಾದವರಿಗೆ ಬೇಡ, ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ. ಇನ್ನು ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮೊದಲ ಬಾರಿ ಜಿಗಿಯಲು ಹೊರಡುವ ಹುಡುಗರು "ಅಣ್ಣಾ, ನಮ್ಮದೇ ಕ್ಯಾಮೆರಾ ತರಬಹುದಾ?" ಎಂದು ಕೇಳುತ್ತಾರೆ. ನಾನು ಕೆಲಸ ಮಾಡುವ ಕಡೆ ಪ್ರಯಾಣಿಕರ ಕೈಯಲ್ಲಿ ಕ್ಯಾಮೆರಾವಾಗಲಿ ಮೊಬೈಲ್ ಆಗಲಿ ಇರಲು ಬಿಡುವುದಿಲ್ಲ: ಕೈಜಾರಿದ ಮೊಬೈಲ್ ಕೆಳಗಿನ ಯಾರದೋ ತಲೆಗೆ ಬೀಳಬಹುದು, ಅದರ ದಾರ ನನ್ನ ಹಿಡಿಗಳಿಗೆ ಸುತ್ತಿಕೊಳ್ಳಬಹುದು. ವಿಡಿಯೊ ಬೇಕೆಂದರೆ ಬುಕ್ ಮಾಡುವಾಗಲೇ ಹೇಳಿ, ಕೈಕ್ಯಾಮೆರಾವೋ ಹೊರಗಿನ ಛಾಯಾಗ್ರಾಹಕರೋ ಎಂದು ಕೇಳಿ, ಕುಟುಂಬದ ಬಳಿ ದುಡ್ಡಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳಿ.