ಕೈಲೆಕ್ಕ, ಸಿಫಾಸ್ಟ್, ಎಫ್‌ಡಿಎಸ್: ಬೆಂಕಿ ತನಿಖೆಯಲ್ಲಿ ಯಾವುದನ್ನು ಎಷ್ಟು ನಂಬಬಹುದು

ಕಲಬುರಗಿಯ ಹೊರವಲಯದಲ್ಲಿ ಸುಟ್ಟುಹೋದ ಬಟ್ಟೆ ಮಳಿಗೆಯೊಂದರ ಅಳತೆಗಳನ್ನು ಹಿಡಿದು, ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದೆ: ಕೋಣೆಯಿಡೀ ಒಮ್ಮೆಲೇ ಹೊತ್ತಿಕೊಳ್ಳುವ ಫ್ಲ್ಯಾಷ್‌ಓವರ್ ಹಂತಕ್ಕೆ ಎಷ್ಟು ಶಾಖ ಬೇಕಿತ್ತು? ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. 1 ಮೀಟರ್ ಅಗಲ, 2 ಮೀಟರ್ ಎತ್ತರದ ಒಂದೇ ಬಾಗಿಲು.

ಕೈಲೆಕ್ಕದಲ್ಲಿ ಥಾಮಸ್ ಸೂತ್ರ ಸುಮಾರು 1,790 ಕಿಲೋವ್ಯಾಟ್ ಎಂದಿತು, ಬಾಬ್ರಾಸ್ಕಸ್ ಸೂತ್ರ ಸುಮಾರು 2,120 ಎಂದಿತು. ಈ ಅಂತರ ಮುಚ್ಚಿಡುವಂಥದ್ದಲ್ಲ. ಉತ್ತರ ಎಷ್ಟು ಸಡಿಲವೆಂಬುದನ್ನು ಅದೇ ತೋರಿಸುತ್ತದೆ, ಮತ್ತು ಪಾಟೀಸವಾಲು ಮಾಡುವ ವಕೀಲರು ಕಾಗದದ ಮೇಲೆ ತಾವೇ ಇದನ್ನು ಪರೀಕ್ಷಿಸಬಹುದು. ಆದರೆ ಗೋಡೆ ಯಾವುದರಿಂದ ಕಟ್ಟಿದ್ದೆಂದು ಈ ಎರಡೂ ಸೂತ್ರಗಳು ಕೇಳುವುದಿಲ್ಲ. ನಮ್ಮ ಕಡೆಯ ಶಹಾಬಾದ್ ಕಲ್ಲಿನ ಛತ್ತೂ ಜಿಪ್ಸಮ್ ಹಲಗೆಯೂ ಅವಕ್ಕೆ ಒಂದೇ.

ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ನಿಸ್ಟ್‌ನ ಸಿಫಾಸ್ಟ್ ಎಂಬ ಕಂಪ್ಯೂಟರ್ ತಂತ್ರಾಂಶ ಕೋಣೆಯನ್ನು ಮೇಲಿನ ಬಿಸಿ ಪದರ, ಕೆಳಗಿನ ತಂಪು ಪದರ ಎಂದು ಎರಡಾಗಿ ನೋಡುತ್ತದೆ. ಕ್ಷಣಗಳಲ್ಲಿ ಉತ್ತರ ಬರುವುದರಿಂದ ಬಾಗಿಲು ಪೂರ್ತಿ ತೆರೆದಿದ್ದರೆ, ಅರ್ಧ ತೆರೆದಿದ್ದರೆ ಎಂದು ಹಲವು ಸಾಧ್ಯತೆಗಳನ್ನು ಒಂದೇ ಸಂಜೆ ಪರೀಕ್ಷಿಸಿದೆ.

ಅದೇ ಸಂಸ್ಥೆ 2000ರಲ್ಲಿ ಹೊರತಂದ ಎಫ್‌ಡಿಎಸ್ ತಂತ್ರಾಂಶ ಕೋಣೆಯನ್ನು ಸಣ್ಣ ಸಣ್ಣ ಘನಗಳಾಗಿ ಕತ್ತರಿಸಿ ಹೊಗೆಯ ಹರಿವನ್ನೇ ಬಿಡಿಸುತ್ತದೆ. ಘನದ ಅಂಚನ್ನು 20 ಸೆಂಟಿಮೀಟರಿನಿಂದ 10ಕ್ಕೆ ಇಳಿಸಿದಾಗ ಲೆಕ್ಕದ ಹೊರೆ ಸುಮಾರು ಹದಿನಾರು ಪಟ್ಟಾಯಿತು. ಮೇಲಿನ ಪದರ ಫ್ಲ್ಯಾಷ್‌ಓವರ್‌ನ ಗುರುತೆಂದು ಹಿಡಿಯುವ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತೂ ಬದಲಾಯಿತು. ಆದ್ದರಿಂದ ಒಂದೇ ಅಳತೆಯ ಘನಗಳಿಂದ ಬಂದ ಫಲಿತಾಂಶವನ್ನು ನಾನು ವರದಿಗೆ ಸೇರಿಸಲಾರೆ.

ನನ್ನ ನಿಜವಾದ ಆತಂಕ ಬೇರೆ. ಇಷ್ಟು ಶಾಖ ಬೇಕಿತ್ತು ಎಂದು ಲೆಕ್ಕ ಹೇಳೀತು. ಅಲ್ಲಿದ್ದ ಬಟ್ಟೆಯ ಗಂಟುಗಳು ಅಷ್ಟು ಶಾಖ ಕೊಟ್ಟವೇ ಎಂಬುದನ್ನು ನಾನೇ ತುಂಬಬೇಕು, ಮತ್ತು ಮೊಕದ್ದಮೆಯಲ್ಲಿ ವಿವಾದವಿರುವುದೇ ಅದರ ಬಗ್ಗೆ. 2006ರಲ್ಲಿ ಗ್ಲಾಸ್ಗೋದಲ್ಲಿ ನಿಜವಾದ ಮನೆಯೊಂದಕ್ಕೆ ಬೆಂಕಿಯಿಟ್ಟು ನೋಡಿದ ಡಾಲ್‌ಮಾರ್ನಕ್ ಪ್ರಯೋಗದಲ್ಲಿ ಒಂದೇ ಮಾಹಿತಿ ಪಡೆದ ಬೇರೆಬೇರೆ ತಂಡಗಳ ಮುನ್ಸೂಚನೆಗಳು ಬಹಳ ದೂರದೂರ ಹರಡಿದ್ದವು. ಎಫ್‌ಡಿಎಸ್‌ನ ಬಣ್ಣದ ಚಲಿಸುವ ಚಿತ್ರ ಈ ಅನಿಶ್ಚಿತತೆಯನ್ನು ತೋರಿಸುವುದಿಲ್ಲ. ನ್ಯಾಯಾಲಯದಲ್ಲಿ ಅದನ್ನು ನೋಡಿದವರು ಘಟನೆಯನ್ನೇ ಕಂಡೆವೆಂದು ಭಾವಿಸುವ ಅಪಾಯವಿದೆ.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಎಲೆಕ್ಟ್ರಾನಿಕ್ ದಾಖಲೆಯ ಗುರುತನ್ನಷ್ಟೇ ಕಾಯುತ್ತದೆ, ಲೆಕ್ಕದ ಸರಿತನವನ್ನಲ್ಲ. ಅದನ್ನು ಸಮರ್ಥಿಸುವ ಹೊಣೆ 39ನೇ ಕಲಮಿನಡಿ ಅಭಿಪ್ರಾಯ ನೀಡುವ ತಜ್ಞರ ಮೇಲೆಯೇ ಬೀಳುತ್ತದೆ. ಹಾಗಾಗಿ ಕೈಲೆಕ್ಕವನ್ನು ಮುಂದಿಟ್ಟು, ಸಿಫಾಸ್ಟ್‌ನ ಎಲ್ಲ ಸಾಧ್ಯತೆಗಳನ್ನು ಪಟ್ಟಿಯಾಗಿ ಕೊಟ್ಟೆ. ಎಫ್‌ಡಿಎಸ್ ಫಲಿತಾಂಶಗಳನ್ನು ಎರಡೂ ಅಳತೆಯ ಘನಗಳ ಸಮೇತ, ನಾನು ತುಂಬಿದ ಮೂಲ ಫೈಲುಗಳೊಂದಿಗೆ ಅನುಬಂಧದಲ್ಲಿ ಇಟ್ಟೆ.