ರಿವೈಂಡ್ ಮಾಡಿಸಿದ್ದೋ, ಹೊಸದೋ? ಬುಲೆಟ್ ಆಲ್ಟರ್ನೇಟರ್ ಎರಡು ಸಲ ಕೂರಿಸಿ ನೋಡಿದೆ

ನನ್ನ ಹಳೇ ಕಾಸ್ಟ್ ಐರನ್ ಬುಲೆಟ್‌ನ ಆಂಪಿಯರ್ ಮೀಟರ್ ಮುಳ್ಳು ಎರಡು ವಾರದಿಂದ ಮೈನಸ್ ಕಡೆಗೇ ವಾಲಿಕೊಂಡಿತ್ತು, ಅಂದರೆ ಬ್ಯಾಟರಿ ಚಾರ್ಜ್ ಆಗದೆ ಖಾಲಿಯಾಗುತ್ತಿತ್ತು. ಹಾರ್ನ್ ಒತ್ತಿದರೆ ಕೆಮ್ಮಿದ ಹಾಗೆ ಸದ್ದು. ತಪ್ಪು ಗಾಡಿಯದಲ್ಲ, ನನ್ನದೇ. ಹಿಂದಿನ ಸಲ ಕ್ಲಚ್ ಪ್ಲೇಟ್ ಹಾಕುವಾಗ ಸ್ಟೇಟರ್ ವೈರನ್ನು ಸರಿಯಾಗಿ ಕಟ್ಟಿರಲಿಲ್ಲ. ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವುದು ಆಲ್ಟರ್ನೇಟರ್; ಅದರಲ್ಲಿ ಕಾಯಿಲ್ ಸುತ್ತಿದ, ತಿರುಗದ ಬಳೆಯೇ ಸ್ಟೇಟರ್. ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಪ್ರೈಮರಿ ಚೈನು ಉಜ್ಜಿ ಉಜ್ಜಿ ತಾಮ್ರ ಹೊರಗೆ ಬಂದಿತ್ತು. ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದು ಕವರ್ ಬಿಚ್ಚಿದಾಗ ಒಂದು ಕಾಯಿಲ್ ಕಪ್ಪಗಾಗಿತ್ತು. ಮಲ್ಟಿಮೀಟರ್‌ನ ಒಂದು ಕಡ್ಡಿ ವೈರಿಗೆ, ಇನ್ನೊಂದು ಸ್ಟೇಟರ್‌ನ ಕಬ್ಬಿಣಕ್ಕೆ ಇಟ್ಟೆ. ಕುಂಯ್ ಅಂತು, ಅಂದರೆ ವೈರು ಒಳಗೆ ಕಬ್ಬಿಣಕ್ಕೆ ತಗುಲಿ ಶಾರ್ಟ್ ಆಗಿದೆ. ಅಲ್ಲಿಗೆ ಕಥೆ ಮುಗೀತು.

ಹಳೇ ಸ್ಟೇಟರನ್ನು ರಿವೈಂಡಿಂಗ್‌ಗೆ, ಅಂದರೆ ಕಾಯಿಲ್‌ಗೆ ಹೊಸ ತಂತಿ ಸುತ್ತಿಸಲು ಕೊಟ್ಟೆ. ಆರು ದಿನ ಬಿಟ್ಟು ಬನ್ನಿ ಅಂದರು. ಅಷ್ಟು ದಿನ ತಾಳ್ಮೆ ಯಾರಿಗಿದೆ? ಅವತ್ತೇ ಜೆ.ಸಿ. ರಸ್ತೆಯಲ್ಲಿ ಹೆಸರಿಲ್ಲದ ಡಬ್ಬದ ಹೊಸ ಸ್ಟೇಟರ್ ಒಂದನ್ನೂ ತಂದುಬಿಟ್ಟೆ. ರಿವೈಂಡಿಂಗ್‌ಗೆ ಹೇಳಿದ್ದು ಇದರ ಬೆಲೆಯ ಅರ್ಧಕ್ಕಿಂತ ಕಡಿಮೆ. ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಕೂಡ ಸಿಕ್ಕಿತು, ಆದರೆ ಅಲ್ಲೇ ಮೀಟರ್ ಇಟ್ಟರೆ ಅದೂ ಕುಂಯ್ ಅಂತು. ವಾಪಸ್ ಇಟ್ಟು ಬಂದೆ.

ಮೊದಲು ಹೊಸದು. ನೋಡೋಕೆ ಚೆಂದ. ವೈರಿನ ಬಣ್ಣ ಸರಿ, ಕನೆಕ್ಟರ್ ಸರಿ, ಟಕ್ ಅಂತ ಕೂರುತ್ತದೆ. ಜಗಳ ಶುರುವಾಗಿದ್ದು ಗ್ಯಾಪ್ ನೋಡುವಾಗ. ತಿರುಗುವ ರೋಟರ್‌ಗೂ ಸುತ್ತಲಿನ ಸ್ಟೇಟರ್‌ಗೂ ನಡುವೆ 0.2 ಮಿ.ಮೀ. ಜಾಗ ಎಲ್ಲ ಕಡೆ ಒಂದೇ ಸಮ ಇರಬೇಕು. ಸಂದು ಅಳೆಯುವ ಉಕ್ಕಿನ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿದರೆ ರೋಟರ್‌ನ ಆಯಸ್ಕಾಂತ ಅದನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಸಡಿಲವೋ ಬಿಗಿಯೋ ಕೈಗೆ ಗೊತ್ತೇ ಆಗುವುದಿಲ್ಲ. ವಿಸಿಟಿಂಗ್ ಕಾರ್ಡ್ ತುರುಕಿದೆ, ಎಣ್ಣೆ ಕುಡಿದು ಮೆತ್ತಗಾಯಿತು. ಕೊನೆಗೆ ಕೂಲ್ ಡ್ರಿಂಕ್ಸ್ ಕ್ಯಾನ್ ಕತ್ತರಿಸಿ ಪಟ್ಟಿ ಮಾಡಿದೆ. ಒಂದು ಪದರ ಹೆಚ್ಚುಕಡಿಮೆ 0.1 ಮಿ.ಮೀ., ಎರಡು ಸೇರಿದರೆ ಲೆಕ್ಕ ಸರಿ. ಅಲ್ಯೂಮಿನಿಯಂ ಆದ್ದರಿಂದ ಆಯಸ್ಕಾಂತ ಅದನ್ನು ಮುಟ್ಟುವುದೂ ಇಲ್ಲ.

ಹೊಸ ಸ್ಟೇಟರ್‌ನ ಮೂರು ತೂತುಗಳೂ ಸ್ಟಡ್‌ಗಿಂತ ಕೊಂಚ ದೊಡ್ಡವು. ಪಟ್ಟಿ ಇಟ್ಟು ನಟ್ ಬಿಗಿ ಮಾಡುತ್ತೇನೆ, ಅದು ಕೆಳಗೆ ಜಾರುತ್ತದೆ. ಕೆಳಗೆ ಮೂರು ಪದರ ಹೋಗುವ ಜಾಗ, ಮೇಲೆ ಒಂದೂ ಹೋಗದು. ಸಡಿಲಿಸು, ಎತ್ತು, ಬಿಗಿ ಮಾಡು. ನಾಲ್ಕನೇ ಸಲಕ್ಕೆ ಪರವಾಗಿಲ್ಲ ಅನ್ನಿಸಿತು. ಪ್ಲಗ್ ತೆಗೆದು ನಿಧಾನಕ್ಕೆ ಕಿಕ್ ಒತ್ತಿ ತಿರುಗಿಸಿದೆ, ಸದ್ದಿಲ್ಲ. ಓಡಿಸಿದೆ. ಹತ್ತು ದಿನಕ್ಕೆ ಎಂಜಿನ್ ಬಿಸಿಯಾದಾಗ ಎಡಗಡೆಯಿಂದ ಸಣ್ಣಗೆ ಕರ್ ಕರ್. ಬಿಚ್ಚಿದರೆ ರೋಟರ್ ಮೇಲೆ ಹೊಳೆಯುವ ಗೀರು.

ಅಷ್ಟರಲ್ಲಿ ರಿವೈಂಡ್ ಆದದ್ದು ಕೈಗೆ ಬಂದಿತ್ತು. ಗೀರಿನ ಪುಡಿ ಒರೆಸಲು ರೋಟರ್ ಹೊರಗೆ ತೆಗೆದೆ. ತಿರುಗಿ ಹಾಕುವಾಗ, ರೋಟರ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಪುಟ್ಟ ಅರ್ಧಚಂದ್ರ ಕೀ ಕಾಣೆ! ಎಣ್ಣೆ ತಟ್ಟೆ ಜಾಲಾಡಿದೆ, ಟಾರ್ಚ್ ಹಿಡಿದು ನೆಲವೆಲ್ಲ ಹುಡುಕಿದೆ. ಅರ್ಧ ಗಂಟೆ ಆದ ಮೇಲೆ ನೋಡಿದರೆ ರೋಟರ್‌ನ ಬೆನ್ನಿಗೇ ಅಂಟಿಕೊಂಡು ಕೂತಿದೆ.

ರಿವೈಂಡ್ ಆದದ್ದರ ಕಬ್ಬಿಣ ಗಾಡಿಯ ಜೊತೆ ಬಂದಿದ್ದೇ ಅಲ್ವಾ? ಸ್ಟಡ್ ಮೇಲೆ ತಳ್ಳಿದೆ, ಹೋಗಿ ಕೂತಿತು. ಪಟ್ಟಿ ಸುತ್ತಲೂ ಒಂದೇ ಬಿಗಿಯಲ್ಲಿ ಜಾರಿತು. ಹತ್ತು ನಿಮಿಷದ ಕೆಲಸ. ಕೋಪ ಬಂದಿದ್ದು ವೈರ್ ನೋಡಿ. ಎಲ್ಲ ವೈರೂ ಕಪ್ಪು, ಕನೆಕ್ಟರೇ ಇಲ್ಲ. ಯಾವುದು ಯಾವುದಕ್ಕೆ ಅಂತ ಮೀಟರ್ ಇಟ್ಟು ಹುಡುಕಿ ಗುರುತು ಹಾಕಬೇಕಾಯಿತು. ಕಾಯಿಲ್ ಮೇಲೆ ಬಳಿದ ವಾರ್ನಿಷ್ ಬಗ್ಗೆಯೂ ಅನುಮಾನ ಇತ್ತು. ಬುಲೆಟ್‌ನಲ್ಲಿ ಈ ಸ್ಟೇಟರ್ ಇರುವುದು ಪ್ರೈಮರಿ ಎಣ್ಣೆಯ ಮನೆಯಲ್ಲೇ. ವಾರ್ನಿಷ್ ಚೆನ್ನಾಗಿ ಬೇಯದಿದ್ದರೆ ಬಿಸಿ ಎಣ್ಣೆಗೆ ಸುಲಿದು ಬರುತ್ತದೆ. ತಿಂಗಳು ಬಿಟ್ಟು ಸುಮ್ನೆ ಒಮ್ಮೆ ತೆಗೆದು ಉಗುರಲ್ಲಿ ಕೆರೆದೆ. ಏಳಲಿಲ್ಲ.

ಚಾರ್ಜಿಂಗ್? ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಹೆಡ್‌ಲೈಟ್ ಹಾಕಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತರೆ ಎರಡರಲ್ಲೂ ಮುಳ್ಳು ಮೈನಸ್‌ಗೇ ಇಳಿಯುತ್ತದೆ. ಐಡಲಿಂಗ್‌ನಲ್ಲಿ ಹುಟ್ಟುವ ಕರೆಂಟು ಲೈಟಿಗೂ ಇಗ್ನಿಷನ್‌ಗೂ ಸಾಲುವುದಿಲ್ಲ. ನಂದಿ ಬೆಟ್ಟದ ಕಡೆ ಖಾಲಿ ರಸ್ತೆ ಸಿಕ್ಕಿದರೆ ಎರಡರಲ್ಲೂ ಪ್ಲಸ್‌ಗೆ ಏರುತ್ತದೆ. ತೂತು ಸರಿಯಾಗಿದ್ದರೆ ಹೊಸದೂ ಸಾಕಾಗುತ್ತಿತ್ತು. ಇನ್ನೊಬ್ಬರಿಗೆ ಸರಿಯಾದದ್ದು ಸಿಕ್ಕರೂ ಸಿಗಬಹುದು. ಕೊಳ್ಳುವ ಮುಂಚೆ ಹಳೆಯದನ್ನು ಅದರ ಮೇಲಿಟ್ಟು ತೂತಿಗೆ ತೂತು ಹೊಂದುತ್ತದಾ ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ನೋಡೋಣವೆಂದರೂ ಹಳೆಯದು ರಿವೈಂಡಿಂಗ್ ಅಂಗಡಿಯಲ್ಲಿತ್ತು.

ನನ್ನ ಗಾಡಿಯಲ್ಲಿ ಈಗ ಇರುವುದು ರಿವೈಂಡ್ ಆದದ್ದೇ. ವೈರನ್ನು ಈ ಸಲ ಚೈನಿನಿಂದ ದೂರ ಎರಡು ಕಡೆ ಕಟ್ಟಿದ್ದೇನೆ. ಹೊಸದು ಅಟ್ಟದ ಮೇಲಿದೆ. ಅದರ ಕನೆಕ್ಟರ್ ಮಾತ್ರ ಕತ್ತರಿಸಿ ಇದಕ್ಕೆ ಹಾಕಿಕೊಂಡೆ.