ಕೊಪ್ಪಿಕರ ರಸ್ತೆಯಲ್ಲಿ ಸಾವಾ ಜೆರ್ಸಿ: ಕಟಿಂಗ್ ಚಲೋ, ಬಿಳಿ ಬಣ್ಣದ ಕಡೆ ಗಮನವಿರಲಿ

ಜಪಾನ್ ಮಹಿಳಾ ಫುಟ್‌ಬಾಲ್ ತಂಡದ ನೀಲಿ ಜೆರ್ಸಿಗೆ ಅದರ ಮಾಜಿ ಆಟಗಾರ್ತಿ ಹೊಮಾರೆ ಸಾವಾ ಹೆಸರು, 10 ನಂಬರ್ ಹಾಕಿಸುವವರಿಗೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಈ ಪ್ರಿಂಟಿಂಗ್ ಅಂಗಡಿ ಚಲೋ. ಅಕ್ಷರದ ಕಟಿಂಗ್ ಚೊಕ್ಕ, ಮೂಲೆಗಳು ಏಳುವುದಿಲ್ಲ. ಬೆನ್ನಿನ ನಂಬರ್ 25 ಸೆಂ.ಮೀ.ಗಿಂತ ಸಣ್ಣದಾಗದಂತೆ ಮೊದಲೇ ಹೇಳಿ.

ಕೊರತೆ ಇರುವುದು ಬಿಳಿ ಬಣ್ಣದಲ್ಲಿ. ಬಿಸಿ ಹೆಚ್ಚಾದರೆ ಪಾಲಿಯೆಸ್ಟರ್ ಬಟ್ಟೆಯ ನೀಲಿ ಬಣ್ಣ, ನಂಬರ್ ಕತ್ತರಿಸಿ ಅಂಟಿಸುವ ವಿನೈಲ್ ಹಾಳೆಗೆ ಏರಿ, ಕೆಲವೇ ದಿನಗಳಲ್ಲಿ ನಂಬರ್ ತಿಳಿನೀಲಿಯಾಗುತ್ತದೆ. ಬಣ್ಣ ತಡೆಯುವ ಪದರವಿರುವ ವಿನೈಲನ್ನೇ ಕೇಳಿ. ಒತ್ತಿ ಅಂಟಿಸುವ ಯಂತ್ರದ (ಹೀಟ್ ಪ್ರೆಸ್) ಬಿಸಿ ಆ ವಿನೈಲ್‌ಗೆ ಹೇಳಿದಷ್ಟೇ ಇರಲಿ. ಒಂದು ದಿನ ಬಿಟ್ಟು, ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ. ಪ್ರಿಂಟ್ ಮೇಲೆ ಇಸ್ತ್ರಿ ಬೇಡವೇ ಬೇಡ.

ಈ ನಂಬರಿಗೆ ಅಷ್ಟು ಕಾಳಜಿ ಸಲ್ಲಲೇಬೇಕು. 2011ರ ಮಹಿಳಾ ವಿಶ್ವಕಪ್ ಫೈನಲ್, ಅಮೆರಿಕ ಎದುರಾಳಿ, 117ನೇ ನಿಮಿಷ: ಸಹ ಆಟಗಾರ್ತಿ ಮಿಯಾಮಾ ಹೊಡೆದ ಕಾರ್ನರ್‌ಗೆ ಸಾವಾ ಬಲಗಾಲಿನ ಹೊರಬದಿ ತಾಗಿಸಿ 2-2 ಮಾಡಿದರು. ಪೆನಾಲ್ಟಿಯಲ್ಲಿ ಜಪಾನ್ ಗೆದ್ದಿತು. ಮಿಡ್‌ಫೀಲ್ಡರ್ ಆಗಿದ್ದೂ ಆ ಟೂರ್ನಿಯಲ್ಲಿ 5 ಗೋಲು. ಗೋಲ್ಡನ್ ಬೂಟ್, ಗೋಲ್ಡನ್ ಬಾಲ್ ಎರಡೂ ಅವರಿಗೇ. 1995ರಿಂದ 2015ರವರೆಗೆ ಆರು ವಿಶ್ವಕಪ್ ಆಡಿದವರು. ಫುಟ್‌ಬಾಲ್ ಕಲಿಯುವ ನಮ್ಮೂರ ಹುಡುಗಿಯರಿಗೆ ಮೆಸ್ಸಿಗಿಂತ ಮೊದಲು ಈ ಹೆಸರು ಹಾಕಿಸಿ ಕೊಡಿ.